ಮಳೆ ಓದುವ ಮನೆ ನಮ್ಮ ಕಡೆಗೂ ಒಂದು ಬೇಡವೇ?

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ನಿಮ್ಮೆಲ್ಲರ ಬರಹ ಓದುತ್ತಲೇ ಇದ್ದೆ, ಬರೆಯೋಕೆ ಮಾತ್ರ ಸೋಮಾರಿತನ. ಈಗ ಬರೆಸುತ್ತಿರೋದು ನಮ್ಮ ಕಾಕಾ ಕೇಳಿದ ಒಂದು ಪ್ರಶ್ನೆ. ಕೇಳಿದ್ದು 2023ರಲ್ಲಿ. ಅವತ್ತಿನಿಂದ ತಲೆಯೊಳಗೆ ಕೂತುಬಿಟ್ಟಿದೆ, ಎದ್ದು ಹೋಗ್ತಾನೇ ಇಲ್ಲ.

ಕಾಕಾ ಇರೋದು ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ. ಎರಿ ಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಮಾಲು ತಗೊಂಡು ಅಮರಗೋಳದ ಎಪಿಎಂಸಿಗೆ ಬಂದರೆ ನಮ್ಮ ಮನೆಗೆ ಬಂದು ಚಹಾ ಕುಡಿಯದೆ ಹೋಗೋದಿಲ್ಲ. ಆ ವರ್ಷ ಜೂನ್ ತಿಂಗಳು ಅರ್ಧ ಕಳೆದರೂ ಮಳೆ ಇಲ್ಲ. ಒಂದು ಸಂಜೆ ಫೋನ್ ಬಂತು.

"ತಮ್ಮಾ, ನಿನ್ನ ಮೊಬೈಲ್ ಏನ್ ಅಂತೈತಿ? ಮಳಿ ಐತೋ ಇಲ್ಲೋ?"

"ನಾಳಿಗೆ ಅರವತ್ತು ಪರ್ಸೆಂಟ್ ಅಂತ ತೋರಸ್ತದ ಕಾಕಾ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅರವತ್ತು ಪರ್ಸೆಂಟ್ ಅಂದ್ರ ನಾ ಎಷ್ಟ್ ಎಕರೆ ಬಿತ್ತಬೇಕೋ?" ಅಂದರು.

ನಕ್ಕುಬಿಟ್ಟೆ. ಕಾಕಾ ನಗಲಿಲ್ಲ. ಮುಂದೆ ಜುಲೈನಲ್ಲಿ ಮಳೆ ಬಂತು, ಬಿತ್ತಿದರು. ಆಗಸ್ಟ್ ಪೂರ್ತಿ ಆಕಾಶ ಬಿಳಿಚಿಕೊಂಡು ನಿಂತಿತ್ತು. ದೇಶದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟ ದಾಖಲೆಯಲ್ಲೇ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಕಾಕಾನ ಹೆಸರು ಹೂ ಬಿಡುವ ಹೊತ್ತಿಗೆ ಬಾಡಿ ಹೋಯ್ತು. ಎಪಿಎಂಸಿಗೆ ಬರುವ ಪ್ರಸಂಗವೇ ಬರಲಿಲ್ಲ, ಚಹಾ ಕೂಡ ಇಲ್ಲ.

ಆಮೇಲೆ ಯೋಚಿಸಿದರೆ, ಅವರ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಮೊಬೈಲ್ ಹೇಳೋದು ನಾಳೆಯ ಮಳೆ. ಕಾಕಾಗೆ ಬೇಕಾದದ್ದು ಬೇರೆ: ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಎಷ್ಟು ದಿನ ಕೈಕೊಡುತ್ತದೆ? ಈ ಹೊಲಕ್ಕೆ, ಈ ಬೆಳೆಗೆ, ಯಾವ ವಾರ ಬಿತ್ತಿದರೆ ಆ ಪೆಟ್ಟು ತಪ್ಪೀತು? ಇದಕ್ಕೆ ಉತ್ತರ ಬೇಕು ಅಂದರೆ ಯಾರಾದರೂ ಒಂದು ಕಡೆ ಹತ್ತಿಪ್ಪತ್ತು ವರ್ಷ ಕೂತು ಅದನ್ನೇ ಓದಬೇಕು. ಕೂರೋಕೆ ಒಂದು ಮನೆ ಬೇಕು. ನನ್ನ ಇವತ್ತಿನ ಬರಹ ಆ ಮನೆಯ ಬಗ್ಗೆ.

ನಮ್ಮ ರಾಜ್ಯದಲ್ಲಿ ಅಂಥ ಮನೆ ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಲ್ಲಿದೆ. ವರ್ಷಕ್ಕೊಮ್ಮೆ ಓಪನ್ ಡೇ ಅಂತ ಜನರನ್ನು ಒಳಗೆ ಬಿಡುತ್ತಾರೆ. ಒಂದು ಸಲ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರೂ ಗೋಪುರ ಇರುವ ಕಲ್ಲಿನ ಮುಖ್ಯ ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು, ಸುಳ್ಳು ಯಾಕೆ ಹೇಳಲಿ :) ಆದರೆ ನನ್ನ ಕಣ್ಣು ನಿಂತದ್ದು ಮರಗಳ ನಡುವೆ ಇರುವ, ಯಾರೂ ಫೋಟೋ ತೆಗೆಯದ ಕೆಲವು ಕಟ್ಟಡಗಳ ಮೇಲೆ. ಅಲಂಕಾರ ಅಂತ ಏನೂ ಇಲ್ಲ. ಉದ್ದಕ್ಕೆ, ಸಪೂರಕ್ಕೆ ಇವೆ. ಕಿಟಕಿ ಮೇಲೆ ಅಗಲವಾದ ಸಜ್ಜಾ. ಈ ಕಡೆಯಿಂದ ಬಂದ ಗಾಳಿ ಆ ಕಡೆ ಹೋಗಲು ದಾರಿ.

ಇವುಗಳ ಹಿಂದೆ ಒಂದು ಕತೆಯೇ ಇದೆ. ಓಟ್ಟೋ ಕೋನಿಗ್ಸ್‌ಬರ್ಗರ್ ಅಂತ ಬರ್ಲಿನ್ನಿನ ಒಬ್ಬ ವಾಸ್ತುಶಿಲ್ಪಿ. 1908ರಲ್ಲಿ ಹುಟ್ಟಿದವರು. ಯಹೂದಿ ಮನೆತನ, ಹಾಗಾಗಿ ಹಿಟ್ಲರ್ ಬಂದ ಮೇಲೆ ದೇಶ ಬಿಡಬೇಕಾಯ್ತು. ಈಜಿಪ್ಟಿನಲ್ಲಿ ಕೆಲವು ವರ್ಷ ಇದ್ದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬಂದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ದಿವಾನರಿಗೆ ಗುಮ್ಮಟ, ಕಮಾನು, ಅಂದಚಂದ ಬೇಕು. ಇವರಿಗೋ ಸಪಾಟು ಗೋಡೆ, ಕೆಲಸಕ್ಕೆ ತಕ್ಕ ಕಟ್ಟಡ. ಸರ್ಕಾರಿ ಕೆಲಸದಲ್ಲಿ ಈ ಜಗ್ಗಾಟ ಇದ್ದೇ ಇತ್ತು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಾತ್ರ ಅವರಿಗೆ ತಮ್ಮ ಮನಸ್ಸಿನಂತೆ ಕಟ್ಟಲು ಸಿಕ್ಕಿತು. ವಿಮಾನ ವಿಜ್ಞಾನ ವಿಭಾಗ, ಲೋಹಶಾಸ್ತ್ರ ವಿಭಾಗ, ಊಟದ ಮನೆ ಮತ್ತು ಸಭಾಂಗಣ ಅವರ ಕೆಲಸ.

ಯುದ್ಧದ ಕಾಲ. ಸಿಮೆಂಟ್, ಉಕ್ಕು ಸಿಗೋದು ಕಷ್ಟ. ಕೋಣೆ ತಂಪು ಮಾಡುವ ಯಂತ್ರದ ಮಾತು ದೂರವೇ ಉಳಿಯಿತು. ಬಿಸಿಲು ಯಾವ ಕಡೆಯಿಂದ ಬರುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ, ಮಳೆ ಎತ್ತಲಿಂದ ಹೊಡೆಯುತ್ತದೆ, ಇವನ್ನು ನೋಡಿಯೇ ಕಟ್ಟಬೇಕಿತ್ತು. ಇಲ್ಲಿ ಕಲಿತದ್ದನ್ನು ಅವರು ಮರೆಯಲಿಲ್ಲ. 1948ರಲ್ಲಿ ದೆಹಲಿಗೆ ಹೋದರು, ವಸತಿ ಇಲಾಖೆಯಲ್ಲಿ ಕೆಲಸ ಮಾಡಿದರು, ಭುವನೇಶ್ವರದ ನಕ್ಷೆ ಬರೆದರು. 1951ರಲ್ಲಿ ಲಂಡನ್ನಿಗೆ ಹೋಗಿ ಬಿಸಿಲ ನಾಡುಗಳ ಕಟ್ಟಡ ಹೇಗಿರಬೇಕು ಅಂತ ಪಾಠ ಮಾಡತೊಡಗಿದರು. 1970ರ ದಶಕದಲ್ಲಿ ಇನ್ನೂ ಮೂವರ ಜೊತೆ ಸೇರಿ ಬರೆದ ಅವರ ಕೈಪಿಡಿಯನ್ನು ಇವತ್ತಿಗೂ ಆರ್ಕಿಟೆಕ್ಚರ್ ಹುಡುಗರು ಓದುತ್ತಾರೆ. ಅಂದರೆ ಜಗತ್ತಿನ ಎಷ್ಟೋ ಬಿಸಿಲೂರುಗಳು ಕಲಿತ ಪಾಠದ ಒಂದು ಭಾಗ ಬೆಂಗಳೂರಿನ ಈ ಲ್ಯಾಬ್ ಗೋಡೆಗಳಲ್ಲಿ ಬರೆದದ್ದು. ನಾವು ಮಾತ್ರ ಅದನ್ನು ದಾಟಿಕೊಂಡು ಗೋಪುರದ ಫೋಟೋ ತೆಗೆಯಲು ಹೋಗುತ್ತೇವೆ!

ವಿಮಾನ ವಿಜ್ಞಾನಕ್ಕೂ ಕಾಕಾನ ಹೆಸರು ಬೆಳೆಗೂ ಏನು ಸಂಬಂಧ ಅಂತ ಕೇಳಬಹುದು. ಇದೆ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಅಂತ ಓದಿದವರೇ ಮುಂದೆ ಭೂಮಿಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಅಂತ ಕೇಳಿದರು. ಆ ವಿಭಾಗದ ರೊದ್ದಂ ನರಸಿಂಹ ಅವರ ಮುಂದಾಳತ್ವದಲ್ಲಿ 1982ರಲ್ಲಿ ಅಲ್ಲೇ ವಾಯುಮಂಡಲ ವಿಜ್ಞಾನ ಕೇಂದ್ರ ಶುರುವಾಯ್ತು. ಆಮೇಲೆ ಸಾಗರ ವಿಜ್ಞಾನವೂ ಸೇರಿತು. 1990ರಲ್ಲಿ ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರಗಳಲ್ಲಿ ಗೋಪುರ ನಿಲ್ಲಿಸಿ ನೆಲದ ಹತ್ತಿರದ ಗಾಳಿಯನ್ನು ಅಳೆದರು. 1999ರಲ್ಲಿ ಹಡಗು ತಗೊಂಡು ಬಂಗಾಳ ಕೊಲ್ಲಿಗೇ ಹೋದರು.

ಇವರಲ್ಲಿ ನನಗೆ ಹೆಚ್ಚು ಹತ್ತಿರ ಅನ್ನಿಸೋದು ಸುಲೋಚನಾ ಗಾಡ್ಗೀಳ್. 2025ರ ಜುಲೈನಲ್ಲಿ ತೀರಿಕೊಂಡರು. ಸರಿಯಾಗಿ ಮಳೆಗಾಲದ ನಡುವೆ. ನಾವೆಲ್ಲ ಶಾಲೆಯಲ್ಲಿ ಏನು ಕಲಿತೆವು? ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಸಮುದ್ರ ತಂಪಾಗಿರುತ್ತದೆ, ಅದಕ್ಕೆ ಸಮುದ್ರದಿಂದ ಗಾಳಿ ಬೀಸಿ ಮಳೆ ತರುತ್ತದೆ ಅಂತ. ಅವರ ಪ್ರಶ್ನೆ ಸರಳ. ಹಾಗಾದರೆ ನೆಲ ಬಹಳ ಕಾಯೋ ಮೇ ತಿಂಗಳಲ್ಲಿ ಯಾಕೆ ಮುಂಗಾರು ಇಲ್ಲ? ಬರ ಬಿದ್ದ ವರ್ಷ ನೆಲ ಇನ್ನೂ ಹೆಚ್ಚು ಕಾದಿರುತ್ತದಲ್ಲ, ಆಗ ಯಾಕೆ ಮಳೆ ಹೆಚ್ಚಾಗೋದಿಲ್ಲ? ಡಿ. ಆರ್. ಸಿಕ್ಕಾ ಅವರ ಜೊತೆ ಉಪಗ್ರಹದ ಮೋಡದ ಚಿತ್ರಗಳನ್ನು ದಿನದಿನವೂ ನೋಡಿ 1980ರಲ್ಲಿ ಒಂದು ಪ್ರಬಂಧ ಬರೆದರು. ಭೂಮಧ್ಯರೇಖೆಯ ಹತ್ತಿರ ಇರುವ ಮೋಡದ ಪಟ್ಟಿಯೇ ಋತುವಿನ ಜೊತೆ ನಮ್ಮ ನೆಲದ ಮೇಲಕ್ಕೆ ಸರಿದು ಬರುತ್ತದೆ. ಬಂದ ಮೇಲೆ ಸುಮ್ಮನೆ ಇರೋದಿಲ್ಲ. ಕಡಲಿನಿಂದ ಎರಡರಿಂದ ಆರು ವಾರಕ್ಕೊಮ್ಮೆ ಹೊಸ ಪಟ್ಟಿ ಎದ್ದು ಉತ್ತರಕ್ಕೆ ನಡೆಯುತ್ತದೆ. ಅದು ಬಂದರೆ ಮಳೆ ಹಿಡಿಯುತ್ತದೆ, ತಡವಾದರೆ ಬಿಡುವು. ಕಾಕಾ ಫೋನಿನಲ್ಲಿ ಕೇಳಿದ್ದು ಈ ಬಿಡುವಿನ ಬಗ್ಗೆಯೇ.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಪಾವಗಡ, ಅನಂತಪುರದ ಕಡೆ ಮಳೆ ನಂಬಿ ಶೇಂಗಾ ಬೆಳೆಯುವವರ ಹತ್ತಿರ ಹೋದರು. ಹಿಂದಿನ ವರ್ಷಗಳ ಮಳೆ ಲೆಕ್ಕವನ್ನೂ ಬೆಳೆ ಬೆಳೆಯುವ ಲೆಕ್ಕವನ್ನೂ ಕೂಡಿಸಿ, ಯಾವ ಅವಧಿಯಲ್ಲಿ ಬಿತ್ತಿದರೆ ಕಾಯಿ ಕಟ್ಟುವಾಗ ಒಣಹವೆಗೆ ಸಿಕ್ಕುವ ಅಪಾಯ ಕಡಿಮೆ ಅಂತ ಹುಡುಕಿದರು. ರೈತರನ್ನು ಕೂಡಿಸಿಕೊಂಡೇ ಹುಡುಕಿದರು, ಏನು ಕೇಳಬೇಕು ಅನ್ನೋದು ಅವರಿಗೇ ಚೆನ್ನಾಗಿ ಗೊತ್ತು ಅಂತ. 2006ರಲ್ಲಿ ಮಗನ ಜೊತೆ ಬರೆದ ಇನ್ನೊಂದು ಪ್ರಬಂಧದಲ್ಲಿ, ದೊಡ್ಡ ಬರ ಬಿದ್ದರೆ ದೇಶದ ಒಟ್ಟು ಉತ್ಪನ್ನದ ಶೇಕಡಾ 2ರಿಂದ 5ರಷ್ಟು ಹೋಗುತ್ತದೆ ಅಂತ ಲೆಕ್ಕ ತೋರಿಸಿದರು. ಕಾಕಾ ಈ ಲೆಕ್ಕ ಕೇಳಿದ್ದರೆ, "ದೇಶದ್ದು ಐದು ಪರ್ಸೆಂಟ್ ಹೋದ್ರ ನನ್ನದು ನೂರಕ್ಕ ನೂರು ಹೋತಲ್ಲೋ" ಅಂತಿದ್ದರೋ ಏನೋ.

ಈಗ ನನ್ನ ತಕರಾರು. ಈ ಮನೆ ಬೆಂಗಳೂರಿನಲ್ಲಿದೆ, ಬಾಗಿಲು ನಮ್ಮಂಥವರಿಗೆ ತೆರೆಯೋದು ವರ್ಷಕ್ಕೊಂದು ದಿನ.

ಅಕ್ಕನ ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಅವನಿಗೆ ಈ ವಿಷಯ ಹೇಳಿದಾಗ ಬೌಲ್ಡರ್ ಅನ್ನೋ ಊರಿನ ಒಂದು ಕಟ್ಟಡದ ಫೋಟೋ ಕಳಿಸಿದ. ಅಲ್ಲಿನ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರದ ಮೇಸಾ ಲ್ಯಾಬ್. ಊರ ಮೇಲಿನ ಗುಡ್ಡ, ಹಿಂದೆ ಕೆಂಪು ಕಲ್ಲಿನ ಬಂಡೆಬೆಟ್ಟ, ಮಧ್ಯೆ ಅದೇ ಬಣ್ಣದ ಕಾಂಕ್ರೀಟಿನ ಗೋಪುರಗಳು. ಕಟ್ಟಿದ್ದು ಐ. ಎಂ. ಪೇ, ಪ್ಯಾರಿಸಿನ ಲೂವ್ರ್ ಮುಂದೆ ಗಾಜಿನ ಪಿರಮಿಡ್ ಕಟ್ಟಿದವರು. 1961ರಲ್ಲಿ ಅವರನ್ನು ಆರಿಸಿದರು, 1967ರಲ್ಲಿ ಉದ್ಘಾಟನೆ. ಆ ಬೆಟ್ಟದ ಎದುರು ಏನು ಕಟ್ಟಿದರೂ ಆಟಿಕೆಯ ಹಾಗೆ ಕಾಣುತ್ತದೆ ಅಂತ ಪೇ ತಲೆ ಕೆಡಿಸಿಕೊಂಡು, ಗುಡ್ಡದ ಮೇಲೇ ರಾತ್ರಿ ಕಳೆದರಂತೆ. ಆಮೇಲೆ ಮೇಸಾ ವರ್ಡೆಗೆ ಹೋಗಿ, ಅಲ್ಲಿನ ಮೂಲನಿವಾಸಿಗಳು ಬಂಡೆಯ ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದ ನೂರಾರು ವರ್ಷದ ಹಳೆಯ ಮನೆಗಳನ್ನು ನೋಡಿ ಬಂದರು. ಹತ್ತಿರದ ಕ್ವಾರಿಯ ಕಲ್ಲನ್ನೇ ಕಾಂಕ್ರೀಟಿಗೆ ಬೆರೆಸಿ, ಮೇಲ್ಮೈಯನ್ನು ಸುತ್ತಿಗೆಯಿಂದ ಕೆತ್ತಿಸಿದರು. ಅದಕ್ಕೇ ಬೆಟ್ಟದ ಬಣ್ಣ.

ಕೇಂದ್ರದ ಮೊದಲ ನಿರ್ದೇಶಕ ವಾಲ್ಟರ್ ಓರ್ ರಾಬರ್ಟ್ಸ್ ಅವರ ಬೇಡಿಕೆ ನನಗೆ ಬಹಳ ಹಿಡಿಸಿತು. ಆಸ್ಪತ್ರೆ ಹಾಗೆ ಉದ್ದನೆಯ ಕಾರಿಡಾರ್ ಬೇಡ, ಮೂಲೆ ಮೂಲೆ ಇರಲಿ, ಮೆಟ್ಟಿಲು ಇರಲಿ, ದಾರಿ ತಪ್ಪಿದರೂ ಪರವಾಗಿಲ್ಲ. ಮೋಡ ಓದೋನು ಸಮುದ್ರ ಓದೋನಿಗೆ ಎದುರು ಸಿಗಬೇಕು, ನಿಂತು ಮಾತಾಡಬೇಕು. ನಮ್ಮ ಹಳ್ಳಿ ಕಟ್ಟೆ ಮಾಡೋದು ಇದನ್ನೇ ಅಲ್ಲವೇ?

ಆದರೆ ಕಟ್ಟಡಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಅದಕ್ಕೆ ಜಾಗ ಸಿಕ್ಕ ಬಗೆ. ಬೌಲ್ಡರಿನ ಜನ 1959ರಲ್ಲಿ ಮತ ಹಾಕಿ ಒಂದು ಗೆರೆ ಎಳೆದಿದ್ದರು. 5,750 ಅಡಿಗಿಂತ ಮೇಲೆ ನಗರದ ನೀರು ಕೊಡಕೂಡದು, ಬೆಟ್ಟದ ಮೇಲೆ ಯಾರೂ ಮನೆ ಕಟ್ಟಕೂಡದು ಅಂತ. ಲ್ಯಾಬ್ ಬರಬೇಕಾದ ಗುಡ್ಡ ಆ ಗೆರೆಯ ಮೇಲಿತ್ತು. 1961ರಲ್ಲಿ ಮತ್ತೆ ಮತದಾನ ಆಯ್ತು. ಇದೊಂದಕ್ಕೆ ವಿನಾಯಿತಿ ಕೊಡೋಣ ಅಂತ ಅದೇ ಜನ ಒಪ್ಪಿದರು. ಗಾಳಿ ಮಳೆ ಓದುವ ಒಂದು ಸಂಸ್ಥೆಗೆ ಊರು ಮತ ಹಾಕಿ ಗುಡ್ಡ ಕೊಟ್ಟಿತು! ದಶಕಗಳಿಂದ ಜನ ಟಿಕೆಟ್ಟಿಲ್ಲದೆ ಒಳಗೆ ಹೋಗಿ ನೋಡಿ ಬರುತ್ತಿದ್ದಾರೆ. ಶಾಲೆ ಮಕ್ಕಳು ಹೋಗುತ್ತಾರೆ. ಹಾಗಂತ ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. 2025ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರವೇ ಈ ಕೇಂದ್ರವನ್ನು ಬಿಡಿಬಿಡಿಯಾಗಿ ಒಡೆಯುವ ಮಾತಾಡಿತು. ಊರಿನವರು, ವಿಜ್ಞಾನಿಗಳು ಅದರ ವಿರುದ್ಧ ದನಿ ಎತ್ತಿದರು. ಯಾರೂ ನೋಡದ ಸಂಸ್ಥೆಯನ್ನು ಮುಚ್ಚಿದ್ದರೆ ಯಾರು ಎತ್ತುತ್ತಿದ್ದರು?

ನಮ್ಮಲ್ಲಿ ಹಾಗೇ ಆಯ್ತು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ರೈತರಿಗೆ ಹವಾಮಾನ ಸಲಹೆ ಕೊಡಲು ಇದ್ದ 199 ಜಿಲ್ಲಾ ಘಟಕಗಳನ್ನು 2024ರಲ್ಲಿ ಮುಚ್ಚಲು ಆದೇಶವಾಯ್ತು. ದೇಶದ ತುಂಬ 199. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೆ ಗೊತ್ತಾದದ್ದೇ ಎಷ್ಟೋ ತಿಂಗಳ ಮೇಲೆ. ಕಾಕಾಗೆ ಅಂಥ ಘಟಕಗಳು ಇದ್ದದ್ದೇ ಗೊತ್ತಿರಲಿಲ್ಲ.

ಸರಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹವಾಮಾನ ಘಟಕ ಇದೆಯಲ್ಲ ಅಂತ ಯಾರಾದರೂ ಹೇಳುತ್ತೀರಿ. ಇದೆ, ವಾರಕ್ಕೆರಡು ಸಲ ಸಲಹೆ ಕೊಡುತ್ತಾರೆ, ಒಳ್ಳೆ ಕೆಲಸ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರ ಕೂಡ ಇದೆ. 1988ರಲ್ಲಿ ಬರ ಉಸ್ತುವಾರಿ ಘಟಕ ಅಂತ ಶುರುವಾಗಿ, ಈಗ ಪಂಚಾಯ್ತಿಗೊಂದರಂತೆ ತಾನೇ ಮಳೆ ಅಳೆದು ಕಳಿಸುವ ಮಾಪಕಗಳನ್ನು ಇಟ್ಟಿದೆ. ಇಂಥ ಜಾಲ ದೇಶದಲ್ಲಿ ಬೇರೆ ಕಡೆ ಅಪರೂಪ. ಇದೂ ಇರೋದು ಬೆಂಗಳೂರಿನ ಯಲಹಂಕದಲ್ಲಿ. ಅಳತೆ ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಂಕಿ ಅಲ್ಲಿಂದ ಮೊಬೈಲಿಗೆ ಬರುತ್ತದೆ. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು, ಈ ನೆಲದ ಮೇಲೇ ನಿಂತು ತಲೆ ಕೆರೆದುಕೊಳ್ಳುವವರು ಬೇಕು ಅನ್ನೋದು ನನ್ನ ವಾದ.

ಯಾಕೆ ಈ ನೆಲ? ಅಳ್ನಾವರದಿಂದ ನವಲಗುಂದಕ್ಕೆ ಒಂದೇ ಜಿಲ್ಲೆ, ಎರಡು ತಾಸಿನ ದಾರಿ. ಅಳ್ನಾವರದಲ್ಲಿ ಭತ್ತ, ಕಾಡು, ಛತ್ರಿ. ನವಲಗುಂದದಲ್ಲಿ ಬಿರುಕು ಬಿಟ್ಟ ಎರಿ. ಘಟ್ಟ ದಾಟಿ ಬಂದ ಮೋಡ ಎಲ್ಲಿ ಕೈಖಾಲಿ ಮಾಡಿಕೊಳ್ಳುತ್ತದೋ ಆ ಗೆರೆ ನಮ್ಮ ಮಧ್ಯೆಯೇ ಹಾದು ಹೋಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾತ್ರ ನಾವೂ ಬೀದರಿನವರೂ ಕೂಡಿ ಒಂದೇ 'ಉತ್ತರ ಒಳನಾಡು'. ರೇಡಿಯೋದಲ್ಲಿ "ಉತ್ತರ ಒಳನಾಡಿನ ಹಲವೆಡೆ ಮಳೆ" ಅಂದರೆ ಕಾಕಾ ಆಕಾಶ ನೋಡಿ, "ನಮ್ಮದು ಹಲವೆಡೆಯೊಳಗ ಇಲ್ಲ ಬಿಡು" ಅಂತಾರೆ. ಮಹದಾಯಿ ಜಗಳ ನೋಡಿ. 2018ರಲ್ಲಿ ನ್ಯಾಯಮಂಡಳಿ ನಮಗೆ 13.42 ಟಿಎಂಸಿ ಅಂದಿತು. ಆ ಕಾಡಿನಲ್ಲಿ ಬೀಳುವ ಮಳೆಯಿಂದ ಹೊಳೆಗೆ ಬರುವ ನೀರು ಎಷ್ಟು ಅನ್ನೋದರ ಮೇಲೇ ಅಲ್ಲಿ ವರ್ಷಗಟ್ಟಲೆ ವಾದ ನಡೆದದ್ದು.

ಮೋಡ ಬಿತ್ತನೆಯ ವಿಷಯದಲ್ಲೂ ಅಷ್ಟೇ. 2003ರಲ್ಲಿ ವರುಣ, 2017ರಲ್ಲಿ ಮತ್ತು 2019ರಲ್ಲಿ ವರ್ಷಧಾರೆ ಅಂತ ಸರ್ಕಾರ ವಿಮಾನ ಹಾರಿಸಿತು. ಕೋಟಿಗಟ್ಟಲೆ ಖರ್ಚು. ಹಾರಿಸಿದ ಮೇಲೆ ಬಂದ ಮಳೆ ವಿಮಾನದ್ದೋ, ಹೇಗೂ ಬರಲಿದ್ದದ್ದೋ ಅಂತ ಊರ ತುಂಬ ಚರ್ಚೆ. ಪಕ್ಕದ ಸೊಲ್ಲಾಪುರದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ಇದನ್ನೇ ಸಂಶೋಧನೆಯ ಹಾಗೆ ಮಾಡಿದರು. 276 ಮೋಡ ಆರಿಸಿ, ಕೆಲವಕ್ಕೆ ಬಿತ್ತಿ, ಕೆಲವನ್ನು ಬೇಕಂತಲೇ ಬಿಟ್ಟು, ಎರಡನ್ನೂ ಹೋಲಿಸಿದರು. ಸುಮಾರು ಶೇಕಡಾ 18ರಷ್ಟು ಹೆಚ್ಚು ಮಳೆ ಅಂತ 2023ರಲ್ಲಿ ಫಲಿತಾಂಶ ಬಂತು. ಬಿಟ್ಟ ಮೋಡಗಳೇ ಇಲ್ಲಿ ಮುಖ್ಯ. ಬರಗಾಲದಲ್ಲಿ ಕೈಗೆ ಸಿಕ್ಕ ಮೋಡವನ್ನು ಹಾಗೇ ಬಿಡೋಕೆ ಯಾವ ಮಂತ್ರಿಗೆ ಧೈರ್ಯ ಬರುತ್ತದೆ ಹೇಳಿ?

ನನ್ನ ಆಸೆ ಏನು ಅಂದರೆ, ಅಂಥ ಒಂದು ಲ್ಯಾಬ್ ಅಮರಗೋಳದ ಎಪಿಎಂಸಿ ಹತ್ತಿರವೇ ಬರಲಿ. ಹುಬ್ಬಳ್ಳಿ ಧಾರವಾಡದ ನಟ್ಟನಡುವೆ ಇದೆ, ಚಿಗರಿ ಬಸ್ಸು ಮನೆ ಬಾಗಿಲಿಗೇ ಬರುತ್ತದೆ. ಸುತ್ತಲಿನ ತಾಲೂಕುಗಳ ರೈತರು ಹೇಗೂ ಮಾಲು ತಗೊಂಡು ಬರುತ್ತಾರೆ. ಚೀಲ ಇಳಿಸಿ, ಲಿಲಾವು ಆಗುವತನಕ ಮರದ ಕೆಳಗೆ ಕಾಯುತ್ತಾರಲ್ಲ, ಆ ಹೊತ್ತಿನಲ್ಲಿ ಎದ್ದು ಒಳಗೆ ಹೋಗುವಂತಿರಬೇಕು. ಗೇಟಿನಲ್ಲಿ "ಯಾರ್ ಬೇಕಾಗಿತ್ರಿ?" ಅಂತ ತಡೆಯೋರು ಇರಬಾರದು. ಗೋಡೆ ಮೇಲೆ ಅವರ ಪಂಚಾಯ್ತಿಯ ಇಪ್ಪತ್ತು ವರ್ಷದ ಮಳೆ, ಕನ್ನಡದಲ್ಲಿ.

ಮತ್ತೆ ದಯವಿಟ್ಟು ಗಾಜಿನ ಡಬ್ಬ ಕಟ್ಟಬೇಡಿ! ಪಿ.ಬಿ. ರಸ್ತೆಯುದ್ದಕ್ಕೂ ಈಗ ಬರುತ್ತಿರುವ ನೀಲಿ ಗಾಜಿನ ಕಟ್ಟಡಗಳನ್ನು ನೋಡಿದ್ದೀರಲ್ಲ. ಪಡುವಣ ಬಿಸಿಲಿಗೆ ಮುಖ ಕೊಟ್ಟು ನಿಂತಿರುತ್ತವೆ, ಒಳಗೆ ಏಸಿ ಗುರ್ ಅನ್ನುತ್ತಿರುತ್ತದೆ, ಹೊರಗೆ ಹೋಗುವವರ ಮುಖಕ್ಕೆ ಬಿಸಿಗಾಳಿ. ಹವಾಮಾನ ಬದಲಾವಣೆ ಓದೋಕೆ ಅಂಥ ಕಟ್ಟಡದಲ್ಲಿ ಕೂತರೆ ಮಳೆಯೇ ನಕ್ಕೀತು. ನವಲಗುಂದದ ಕಡೆಯ ಮ್ಯಾಳಿಗಿ ಮನೆ, ನಮ್ಮೂರ ಶಂಕರಲಿಂಗ ಗುಡಿಯ ಕಲ್ಲಿನ ಮಂಟಪ, ಏಪ್ರಿಲ್ ಮಧ್ಯಾಹ್ನ ಒಳಗೆ ಕೂತು ನೋಡಿ. ಬರ್ಲಿನ್ನಿನಿಂದ ಬಂದವರಿಗೆ ಈ ನೆಲದ ಗಾಳಿ ಬೆಳಕು ಕೆಲವೇ ವರ್ಷದಲ್ಲಿ ಅರ್ಥವಾಗಿದ್ದರೆ, ನಮ್ಮ ಎಂಜಿನಿಯರ್‌ಗಳಿಗೆ ಯಾಕೆ ಆಗಬಾರದು?

ದುಡ್ಡು ಎಲ್ಲಿಂದ ಅಂತ ನನಗೂ ಗೊತ್ತಿಲ್ಲ. ಬೌಲ್ಡರಿನವರ ಹಾಗೆ ಮತ ಹಾಕಿ ಗುಡ್ಡ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಕೊಡೋಕೆ ಗುಡ್ಡವೂ ಉಳಿದಿಲ್ಲ, ನೃಪತುಂಗ ಬೆಟ್ಟ ಬಿಟ್ಟರೆ. ಆದರೆ ಕೇಳದೆ ಯಾವುದೂ ಬಂದಿಲ್ಲ. ಈ ಭಾಗಕ್ಕೆ ಹೈಕೋರ್ಟ್ ಪೀಠ ಬಂದದ್ದು ಕೇಳಿ, ಐಐಟಿ ಬಂದದ್ದು ಕೇಳಿ. ಮಳೆ ಓದುವ ಮನೆ ಬೇಕು ಅಂತ ನಾವು ಇವತ್ತಿನ ತನಕ ಒಮ್ಮೆಯಾದರೂ ಕೇಳಿದ್ದೇವೆಯೇ? ನಿಮ್ಮ ಊರಲ್ಲಿ ಇಂಥದ್ದು ಯಾರಾದರೂ ಕೇಳಿದ್ದರೆ, ಅಥವಾ ಪಾವಗಡದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಶೇಂಗಾ ಸಂಶೋಧನೆ ಆಮೇಲೆ ಏನಾಯ್ತು, ಜನ ಇವತ್ತೂ ಹಾಗೇ ಬಿತ್ತುತ್ತಾರೋ ಇಲ್ಲವೋ, ಬರೆಯಿರಿ.

ಇದನ್ನು ಬರೆಯುತ್ತಿರುವಾಗ ಕಾಕಾಗೆ ಫೋನ್ ಮಾಡಿ, ಎಪಿಎಂಸಿ ಹತ್ತಿರ ಅಂಥದ್ದೊಂದು ಕಟ್ಟಿದರೆ ಬರ್ತೀರಾ ಅಂತ ಕೇಳಿದೆ.

"ಒಳಗ ಬಿಡ್ತಾರೇನು?" ಅಂದರು.

"ಬಿಡ್ತಾರ ಅಂತ ಇಟ್ಕೋರಿ."

"ಹಂಗಾದ್ರ ಬರ್ತೀನಿ. ನಮ್ಮಪ್ಪ ಮಳಿ ಲೆಕ್ಕ ಬರದಿಟ್ಟಿದ್ದ ಒಂದ್ ವಹಿ ಐತಿ, ಯಾವ ನಕ್ಷತ್ರಕ್ಕ ಎಷ್ಟ್ ಬಂತು ಅಂತ. ಅದನ್ನೂ ತರ್ತೀನಿ, ಅವರಿಗೆ ಬೇಕಾದೀತು."

ಆ ವಹಿ ಇರೋದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.